ರುದ್ರೇಶನ ದನಿಯಲ್ಲಿ ಕೊಟ್ಟ ಮಾತು

ನಂಬಬೇಡಿ. ನನ್ನ ಮಾತು ನಂಬಿದವರೆಲ್ಲ ಒಂದಲ್ಲ ಒಂದು ದಿನ ಬಿಸಿಲಲ್ಲಿ ನಿಂತಿದ್ದಾರೆ, ನೀವೇನು ಮೇಲಿನಿಂದ ಇಳಿದು ಬಂದವರಲ್ಲ. ಟೀವಿ ಧಾರಾವಾಹಿಯ ಹೀರೋ ಒಬ್ಬ ಇಡೀ ಒಂದು ಸುಗ್ಗಿ ಬಂಡೂರಿನ ಒಬ್ಬ ವಿಧವೆಗೆ ಸಂಜೆ ಸಂಜೆ ಫೋನು ಮಾಡಿ ‘ಉಂಡ್ರಾ ಅಮ್ಮ’ ಅಂತ ವಿಚಾರಿಸುತ್ತಿದ್ದ ಅಂದರೆ ನಂಬುತ್ತೀರಾ? ತಾಕತ್ತಿದ್ದರೆ ಹೋಗಿ ಕೇಳಿ. ಬಂಡೂರಿನಲ್ಲಿ ಕುರಿ ಸಾಕುವ ಸಾಕಮ್ಮನ ಮನೆ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅವಳು ನನ್ನ ತಂಗಿ. ಆದರೆ ಅವಳು ಬಾಯಿ ಬಿಡುವುದಿಲ್ಲ, ಅದೇ ತೊಂದರೆ.

ನಾನು ನಿಂಗೇಗೌಡ. ಭಾರತೀನಗರದ ಪಕ್ಕದ ಹಳ್ಳಿಯಲ್ಲಿ ಆಲೆಮನೆ ಇಟ್ಟಿದ್ದವನು. ಬೆಲ್ಲ ಕಾಯಿಸಿದ್ದು ಹೊಟ್ಟೆಪಾಡಿಗೆ. ನಿಜವಾದ ಕಸುಬು ಬೇರೆಯವರ ದನಿ ಕದಿಯುವುದು. ಒಂದು ಸಲ ಮಳವಳ್ಳಿ ಬಸ್ಸಿನ ಕಂಡಕ್ಟರು ಟೀ ಕುಡಿಯಲು ಇಳಿದಿದ್ದಾಗ ಹಿಂದಿನ ಸೀಟಿನಿಂದ ಅವನದೇ ದನಿಯಲ್ಲಿ ‘ರೈಟ್, ರೈಟ್’ ಅಂದೆ. ಬಸ್ಸು ಹೊರಟೇಹೋಯಿತು. ಮುಂದಿನ ಮೂರು ಊರಿನ ಜನ ಟಿಕೆಟ್ಟಿಲ್ಲದೆ ಮಹಾರಾಜರ ಹಾಗೆ ಪಯಣಿಸಿದರು. ನಮ್ಮ ಮಾವನ ದನಿಯಲ್ಲಿ ಬಾಗಿಲಾಚೆಯಿಂದ ಕೂಗಿ, ಅಪ್ಪ ಬಂದ ಅಂದುಕೊಂಡ ಹೆಂಡತಿ ಜಯಮ್ಮನ ಕೈಲಿ ಎರಡು ಸಲ ಕೋಳಿ ಸಾರು ಮಾಡಿಸಿಕೊಂಡು ಉಂಡಿದ್ದೇನೆ. ಈ ಸೀಮೆಯಲ್ಲಿ ನನ್ನಂಥವನು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೆ ನಾನೇ ಅವನ ದನಿಯಲ್ಲಿ ಮಾತಾಡಿ ಅವನ ಹೆಸರು ಕೆಡಿಸಿರುತ್ತಿದ್ದೆ.

ಹೋದ ತಿಂಗಳು ಬಂಡೂರಿಗೆ ಹೊರಟಿದ್ದೆ. ಭಾರತೀನಗರ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ವಾಸನೆ ನುಗ್ಗಿತು. ಯಾರದೋ ಆಲೆಮನೆಯಲ್ಲಿ ಪಾಕ ಹದ ಮೀರಿ ತಳ ಹಿಡಿದಿತ್ತು. ಬೇರೆಯವರಿಗೆ ಅದು ಬೆಲ್ಲ ಸೀದ ವಾಸನೆ. ನನಗೆ ಮಾತ್ರ ಸಾಕಮ್ಮನ ಮಗಳು ರಮ್ಯಳ ಮದುವೆಯಾದ ವರ್ಷ ಬಂದು ಪಕ್ಕದ ಸೀಟಿನಲ್ಲಿ ಕೂತ ಹಾಗಾಯಿತು.

ಆ ವರ್ಷ ಚಳಿ ಚೆನ್ನಾಗಿ ಬಿದ್ದಿತ್ತು. ಚಳಿ ಬಿದ್ದರೆ ಕಬ್ಬಿನಲ್ಲಿ ಸಿಹಿ ಜಾಸ್ತಿ. ಬೆಳಗಿನಿಂದ ರಾತ್ರಿವರೆಗೂ ಗಾಣ ಆಡುತ್ತಿತ್ತು. ಗಾಣದ ಡೀಸೆಲ್ ಇಂಜಿನ್ನು ನನಗಿಂತ ಹಟಮಾರಿ. ಅದನ್ನು ಒಲಿಸಲು ಮದ್ದೂರಿನಿಂದ ಮೆಕ್ಯಾನಿಕ್ಕು ಮಹಬೂಬ ಬರುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನ ಎಲ್ಲ ಕೀಟಲೆಗೂ ಪಾಲುದಾರ.

ಆಗ ಸಂಜೆ ಆರೂವರೆಗೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಹೀರೋ ಹೆಸರು ರುದ್ರೇಶ. ದೊಡ್ಡ ಮನೆಯ ಹಿರೀಮಗ, ಹುರಿ ಮೀಸೆ, ಬುಲೆಟ್ಟು, ಬೆಳ್ಳಿ ಕಡಗ. ಮೊದಲ ಕಂತುಗಳಲ್ಲಿ ಅವನು ನಮ್ಮೂರ ಗಂಡಸರ ದೇವರು. ತಂಗಿ ಕಾಲೇಜಿಗೆ ಹೋಗಬಾರದು ಅಂದ, ನಾವು ಹೌದೌದು ಅಂದೆವು. ಹೆಂಗಸರು ಜಗಲಿಗೆ ಬರಬಾರದು ಅಂದ, ನಾವು ಬೀಡಿ ಹಚ್ಚಿಕೊಂಡು ತಲೆದೂಗಿದೆವು. ಆಮೇಲೆ ಆ ಊರಿನ ಶಾಲೆಗೆ ಪಲ್ಲವಿ ಅನ್ನುವ ಮೇಡಂ ಬಂದಳು. ರುದ್ರೇಶ ಅವಳ ಹಿಂದೆ ಬಿದ್ದ. ಒಂದು ದಿನ ಅವಳು ಕೇಳಿದಳು: “ನಿಮ್ಮಮ್ಮ ಊಟ ಮಾಡೋದನ್ನ ಯಾವತ್ತಾದ್ರೂ ನೋಡಿದ್ದೀರಾ?”

ರುದ್ರೇಶ ನೋಡಿರಲಿಲ್ಲ. ಅವತ್ತು ಮನೆಗೆ ಹೋದವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅಮ್ಮ ಉಣ್ಣುವ ತನಕ ಏಳಲೇ ಇಲ್ಲ. ಆ ಅಮ್ಮ ನಾಚಿಕೊಂಡು ಗೋಡೆ ಕಡೆ ತಿರುಗಿ ಉಂಡಳು.

ಅಲ್ಲಿಂದ ಅವನು ಕೆಟ್ಟ. ಕೆಟ್ಟ ಅಂದವರು ನಾವು ಗಂಡಸರು. ಅಪ್ಪನನ್ನು ಪ್ರಶ್ನೆ ಕೇಳಿದ, ಪಂಚಾಯ್ತಿಯನ್ನು ಕೇಳಿದ, ತಂಗಿಯನ್ನು ಬುಲೆಟ್ಟಿನ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟುಬಂದ. “ಎಂಗಿದ್ದ ಗಂಡು ಎಂಗಾಗೋದ ನೋಡ್ಲಾ. ಒಂದು ಎಣ್ಣು ಸಾಕು ಮನೆ ಮುರಿಯಾಕೆ” ಅಂತ ಕಬ್ಬು ತಂದವರು ಕೊಪ್ಪರಿಗೆ ಸುತ್ತ ಕೂತು ಮರುಗುತ್ತಿದ್ದರು.

ಆ ಊಟದ ಕಂತು ಬಂದ ದಿನ ಜಯಮ್ಮ ನನಗೆ ಮುದ್ದೆ ಇಕ್ಕುತ್ತಾ ಕೇಳಿದಳು: “ನಾನು ಉಣ್ಣೋದ್ನ ನೀವು ನೋಡಿದ್ದೀರಾ?”

“ನೋಡದೇನು, ನೀನು ಉಣ್ದೆ ಇದ್ರೆ ಇಷ್ಟು ಗುಂಡಗೆ ಇರ್ತಿದ್ಯಾ?” ಅಂದೆ. ಅವಳು ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. ನನಗೆ ಮಾತ್ರ ನನ್ನ ಮಾತೇ ಬಹಳ ಹಿಡಿಸಿತು. ಮಾರನೇ ದಿನ ಆಲೆಮನೆಯಲ್ಲಿ ಎಲ್ಲರಿಗೂ ಹೇಳಿದೆ.

ಮಹಬೂಬನ ಜೊತೆ ಪಂಥ ಬಿದ್ದದ್ದು ಆ ವಾರವೇ. ರುದ್ರೇಶನ ದನಿ ನನ್ನ ಗಂಟಲಿಗೆ ಕೂತುಬಿಟ್ಟಿತ್ತು. ಎದೆಯಿಂದ ಬರುವ ದನಿ, ಬೆಂಗಳೂರಿನ ಮಾತು, ಪ್ರತಿ ಮಾತಿನ ಕೊನೆಗೆ ಒಂದು ಉಸಿರು. “ಯಾರನ್ನಾದ್ರೂ ನಂಬ್ಸು ನೋಡಣ” ಅಂದ ಮಹಬೂಬ. ನನ್ನ ನಂಬರು ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ಅವನ ಫೋನು ಈಸಿಕೊಂಡೆ. ಯಾರನ್ನು ಗೋಳು ಹೊಯ್ದುಕೊಂಡರೆ ತೊಂದರೆಯಿಲ್ಲವೋ ಅವಳಿಗೇ, ತಂಗಿಗೇ ಮಾಡಿದೆ.

“ಅಮ್ಮಾ, ನಾನು ರುದ್ರೇಶ ಮಾತಾಡ್ತಿದ್ದೀನಿ.”

ಆ ಕಡೆ ಒಂದು ಕುರಿ ಕೂಗಿತು. ಆಮೇಲೆ ಸಾಕಮ್ಮ ಅಂದಳು: “ಉಂಡ್ಯೇನಪ್ಪಾ?”

ಬೈಯುತ್ತಾಳೆ, ಇಲ್ಲವೇ ಕಿರುಚಿ ಬೀದಿಯ ಹೆಂಗಸರನ್ನೆಲ್ಲ ಕರೆಯುತ್ತಾಳೆ ಅಂದುಕೊಂಡಿದ್ದೆ. “ಇನ್ನೂ ಇಲ್ಲಮ್ಮ. ನೀವು ಉಂಡ್ರಾ?” ಅಂದೆ.

“ನಂದೇನು ಬುಡಪ್ಪ” ಅಂದಳು. ಆಮೇಲೆ, “ಅದ ಕೇಳಿದೋನು ನೀನೇ ಮೊದ್ಲು” ಅಂದಳು.

ಮಹಬೂಬ ಬಾಯಿಗೆ ಗ್ರೀಸಿನ ಬಟ್ಟೆ ತುರುಕಿಕೊಂಡು ನಗುತ್ತಿದ್ದ. ನಾನೂ ನಕ್ಕೆ. ಆದರೆ ಮಾರನೇ ದಿನ ಸಂಜೆ ಧಾರಾವಾಹಿ ಮುಗಿದ ಹೊತ್ತಿಗೆ ನಾನೇ ಕೈ ಚಾಚಿ ಅವನ ಫೋನು ಕೇಳಿದೆ.

ಸಾಕಮ್ಮನ ಗಂಡ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಹೋದಾಗ ರಮ್ಯ ನಾಲ್ಕು ವರ್ಷದ ಮಗು. ಆಮೇಲೆ ಕುರಿ ಮೇಯಿಸಿ, ಮರಿ ಸಾಕಿ, ಮಗಳನ್ನು ಮಂಡ್ಯದಲ್ಲಿ ನರ್ಸು ಓದಿಸಿದಳು. ನಾನು ತಿಂಗಳಿಗೊಂದು ಸಲ ಹೋಗುತ್ತಿದ್ದೆ. ಹೋಗುವುದು, ಎರಡು ನಗೆ ಮಾತು ಆಡುವುದು, ಉಣ್ಣುವುದು, ಬರುವುದು. ತಂಗಿಯನ್ನು ನನ್ನಷ್ಟು ಚೆನ್ನಾಗಿ ನೋಡಿಕೊಂಡ ಅಣ್ಣ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನನಗೆ ಹೇಳದಿದ್ದದ್ದನ್ನು ಅವಳು ರುದ್ರೇಶನಿಗೆ ಇಪ್ಪತ್ತು ದಿನದಲ್ಲಿ ಹೇಳಿದಳು. ನೆಂಟರ ಮನೆ ಮದುವೆಗಳಿಗೆಲ್ಲ ಮೂರು ದಿನ ಮೊದಲೇ ಹೋಗಿ ಸೊಪ್ಪು ಸೋಸಿ, ಅಕ್ಕಿ ಕೇರಿ, ಮುಹೂರ್ತದ ಹೊತ್ತಿಗೆ ಹಿತ್ತಲಿಗೆ ಸರಿಯುವುದನ್ನು ಹೇಳಿದಳು.

“ಯಾರೂ ಓಗು ಅನ್ನಲ್ಲ ಕಣಪ್ಪ. ಅನ್ನೋಕೆ ಮೊದ್ಲೇ ನಾನೇ ಓಯ್ತೀನಿ. ಕಾಲು ಅದ ಕಲ್ತ್‌ಬುಟ್ಟದೆ.”

ಗಂಡ ತಂದುಕೊಟ್ಟಿದ್ದ ಹಸಿರು ಬಳೆಯನ್ನು ಕುರಿಗೆ ಹಾಕುವ ಹಿಂಡಿಯ ಡಬ್ಬದಲ್ಲಿ ಬಚ್ಚಿಟ್ಟಿರುವುದನ್ನು ಹೇಳಿದಳು. ಯಾರೂ ಇಲ್ಲದಾಗ ತೆಗೆದು ನೋಡುತ್ತಾಳಂತೆ, ತೊಡುವುದಿಲ್ಲವಂತೆ. ನಾನು ಕೊಪ್ಪರಿಗೆಯ ಹೊಗೆಯಲ್ಲಿ ಕೆಮ್ಮುತ್ತಾ ‘ಹೇಳಿ ಅಮ್ಮ’ ಅನ್ನುತ್ತಿದ್ದೆ. ಮಹಬೂಬ ಆಗ ನಗುವುದು ನಿಲ್ಲಿಸಿದ್ದ.

ಪುಷ್ಯ ಮಾಸದ ಒಂದು ಸಂಜೆ ಅವಳು ಕೇಳಿಯೇಬಿಟ್ಟಳು.

“ನಮ್ಮ ರಮ್ಯಂಗೆ ನಿಡಘಟ್ಟದ ಗಂಡು ಗೊತ್ತಾಗ್ಬುಟ್ಟದೆ. ಒಂದೇ ಒಂದು ಆಸೆ ಕಣಪ್ಪ. ಧಾರೆ ನಾನೇ ಎರೀಬೇಕು.”

ನಮ್ಮಲ್ಲಿ ಹೆಣ್ಣು ಗಂಡಿನ ಕೂಡಿಸಿದ ಕೈ ಮೇಲೆ ಹೆತ್ತವರು ಹಾಲು ಎರೆದರೆ ಅದೇ ಕನ್ಯಾದಾನ. ಆಮೇಲೆ ಬಂದ ನೆಂಟರಿಷ್ಟರೆಲ್ಲ ಸಾಲಾಗಿ ನಿಂತು ಒಂದೊಂದು ಹನಿ ಎರೆಯುತ್ತಾರೆ. ಅಪ್ಪ ಇಲ್ಲದ ಹೆಣ್ಣಾದರೆ ಅಮ್ಮ ಆ ಕಡೆ ಸುಳಿಯುವಂತಿಲ್ಲ; ಸೋದರಮಾವ ಹೆಂಡತಿಯ ಜೊತೆ ಪೇಟ ಸುತ್ತಿ ಕೂರುತ್ತಾನೆ. ಅಂದರೆ ನಾನು. ಅಷ್ಟು ಹೊತ್ತಿಗೆ ನಾನು ಮದ್ದೂರಿನಲ್ಲಿ ಜರಿಯ ಪೇಟ ಆರಿಸಿ, ತಂದು, ಆಲೆಮನೆಯಲ್ಲಿ ತಲೆಗಿಟ್ಟುಕೊಂಡು ಎಲ್ಲರಿಗೂ ತೋರಿಸಿಯಾಗಿತ್ತು.

“ನಿಮ್ಮ ಅಣ್ಣನ್ನ ಕೇಳಿ ಅಮ್ಮ” ಅಂದೆ, ರುದ್ರೇಶನ ದನಿಯಲ್ಲಿ.

“ಅವನ್ನಾ? ಒಳ್ಳೆಯೋನೆ ಕಣಪ್ಪ. ಆದ್ರೆ ಅವನ ಬಾಯಿಗೆ ಬಿದ್ದದ್ದೆಲ್ಲ ಊರು ನಗೋ ಮಾತಾಗೋಯ್ತದೆ. ಇದೊಂದ ನಗೋ ಮಾತು ಮಾಡಾಕೆ ನಂಗೆ ಇಷ್ಟ ಇಲ್ಲ. ನೀನೇ ಏನಾರ ಏಳು ಅವನಿಗೆ.”

ಫೋನು ಇಟ್ಟುಬಿಡೋಣ ಅನ್ನಿಸಿತು. ಆದರೆ ರುದ್ರೇಶ ಹಾಗೆ ಓಡಿಹೋಗುವವನಲ್ಲವಲ್ಲ. “ಹೇಳ್ತೀನಿ ಅಮ್ಮ. ನಿಮ್ಮ ಮಗಳ ಧಾರೆ ನಿಮ್ಮ ಕೈಯಿಂದಲೇ. ಇದು ರುದ್ರೇಶ ಕೊಡ್ತಿರೋ ಮಾತು” ಅಂದೆ.

ಫೋನು ಇಡುವಷ್ಟರಲ್ಲಿ ಪಾಕ ತಳ ಹಿಡಿದು ಒಂದು ಕೊಪ್ಪರಿಗೆ ಬೆಲ್ಲ ಕರ್ರಗಾಗಿತ್ತು. ಮಹಬೂಬ ಇಂಜಿನ್ನು ನಿಲ್ಲಿಸಿ ಬಂದ.

“ಅಣ್ಣಾ, ಈಗ ಕೊಟ್ಯಲ್ಲ ಮಾತು, ಅದು ಯಾರ್ದು?”

“ರುದ್ರೇಶಂದು ಕಣ್ಲಾ.”

“ಫೋನು ನಂದು. ಸುಮ್ನೆ ನಿಂತಿದ್ದ ನಾನು ಸಾಕ್ಷಿ ಆಗೋದೆ ನೋಡು” ಅಂದ.

ವೀಳ್ಯ ಬದಲಾಯಿಸುವ ದಿನ ಬಂಡೂರಿನ ಮನೆಯ ಪಡಸಾಲೆ ತುಂಬಿತ್ತು. ಗಂಡಿನ ಅಪ್ಪ ನಿಡಘಟ್ಟದವರು, ಮೆತ್ತಗಿನ ಮನುಷ್ಯ. ಎಲೆ ಅಡಿಕೆ ಮುಂದಿಟ್ಟುಕೊಂಡು ಕೇಳಿದರು: “ಧಾರೆಗೆ ಯಾರು ಕೂರ್ತೀರಿ? ನಿಮ್ಮ ಪದ್ಧತಿ ಎಂಗೋ ಅಂಗೆ. ತಾಯೀನೇ ಎರುದ್ರೂ ನಮ್ಮದೇನೂ ಇಲ್ಲ. ಈಗೆಲ್ಲ ಟೀವೀಲೇ ತೋರುಸ್ತಾವ್ರೆ.”

ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು, ನಾನು ಸುಮ್ಮನೆ ಒಳಗೆ ಕಾಲಿಡಬೇಕಿತ್ತು ಅಷ್ಟೆ. ‘ಆಗಲಿ ಬೀಗರೇ’ ಅನ್ನುವ ಎರಡು ಪದ. ಆದರೆ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು, ನಿಂಗೇಗೌಡ ಈಗೇನೋ ಅನ್ನುತ್ತಾನೆ ಅಂತ ಆಗಲೇ ಅವರ ಬಾಯಿ ಅರ್ಧ ನಕ್ಕಿತ್ತು. ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

“ಟೀವೀಲಿ ಸತ್ತೋದೋರೂ ಎದ್ದು ಬತ್ತಾರೆ ಬೀಗರೇ. ನಮ್ಮನೇಲಿ ಬರಾಕಿಲ್ವಲ್ಲ!” ಅಂದೆ.

ಪಡಸಾಲೆ ಹಾರಿಹೋಗುವ ಹಾಗೆ ನಕ್ಕರು. ಬೀಗರೂ ನಕ್ಕರು. ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ಸೆರಗು ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಇರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಸಾಕಮ್ಮನ ಗಂಡನ ಫೋಟೋ ನನ್ನ ತಲೆಯ ನೇರಕ್ಕೇ ಇತ್ತು, ಅದನ್ನು ನಾನು ನೋಡಿದ್ದು ಏಳುವಾಗ.

ಎರಡು ದಿನ ಬಿಟ್ಟು ರುದ್ರೇಶನಾಗಿ ಫೋನು ಮಾಡಿದೆ. ಎತ್ತಿದಳು. “ಉಂಡ್ಯೇನಪ್ಪಾ?” ಅಂದಳು, ಎಂದಿನ ಹಾಗೆ.

“ಅಮ್ಮಾ, ಧಾರೆ ವಿಷಯ…”

“ಅದ ಬುಡಪ್ಪ. ನಮ್ಮಣ್ಣ ಪೇಟ ತಂದವ್ನಂತೆ. ಬೋ ಚೆನ್ನಾಗದಂತೆ.”

ಆಮೇಲೆ ಕುರಿಯ ವಿಷಯ ಮಾತಾಡಿದಳು. ಒಂದು ಮರಿಗೆ ಕಾಲು ಉಳುಕಿತ್ತು.

ಈಗ ನೀವು ನಂಬದ ಇನ್ನೊಂದು ವಿಷಯ. ಅದಾಗಿ ವಾರವೊಪ್ಪತ್ತಿನಲ್ಲಿ ಧಾರಾವಾಹಿಯಲ್ಲಿ ರುದ್ರೇಶ ಪಲ್ಲವಿಯರ ಮದುವೆ ಬಂತು. ಪಲ್ಲವಿಯ ಅಮ್ಮ ವಿಧವೆ. ಹಿರಿಯರು ಅಡ್ಡ ನಿಂತರು. ರುದ್ರೇಶ ಹಸೆಯಿಂದ ಎದ್ದು ಹೋಗಿ, ಕಂಬದ ಹಿಂದೆ ನಿಂತಿದ್ದ ಅತ್ತೆಯ ಕೈ ಹಿಡಿದು ಕರೆತಂದು, ಹಾಲಿನ ಗಿಂಡಿಯನ್ನು ಆ ಕೈಗೇ ಕೊಟ್ಟ. “ಬೆಳೆಸಿದ ಕೈ ಇದು, ಕೊಡೋ ಕೈಯೂ ಇದೇ” ಅಂದ. “ನನ್ನ ಕತೆ ಕದ್ದುಬುಟ್ರು ಕಳ್ಳನನ್ಮಕ್ಳು!” ಅಂತ ನಾನು ಮನೆಯಲ್ಲಿ ಎದೆ ತಟ್ಟಿಕೊಂಡೆ. ಜಯಮ್ಮ ಕಣ್ಣೊರೆಸಿಕೊಂಡು ಟೀವಿ ಆರಿಸಿದಳು.

“ನಾನು ಧಾರೆಗೆ ಕೂರಲ್ಲ ಕಣ್ರೀ. ಸಾಕಮ್ಮನೇ ಕೂರ್ಲಿ. ನೀವೊಂದು ಮಾತು ಅಂದ್ರೆ ಯಾರೂ ಎದುರಾಡಾಕಿಲ್ಲ.”

“ನೀನು ಕೂರ್ದಿದ್ರೆ ನನ್ನ ಪೇಟ ಯಾರ ಪಕ್ಕ ಕೂರ್ತದೆ?” ಅಂದೆ.

ನಾನು ಅದನ್ನು ತಮಾಷೆಗೆ ಅಂದೆ ಅಂತ ನೀವು ಅಂದುಕೊಳ್ಳಬಹುದು. ಇಲ್ಲ. ಇಡೀ ಬದುಕಿನಲ್ಲಿ ಜನ ನನ್ನನ್ನು ನೋಡಿ ನಕ್ಕಿದ್ದರು. ಆ ಒಂದು ಹೊತ್ತು, ಪೇಟ ಇಟ್ಟುಕೊಂಡು ಎಲ್ಲರ ನಡುವೆ ಕೂತಾಗ, ನಗದೆ ನೋಡುತ್ತಾರೆ ಅಂತ ನನಗೂ ಒಂದು ಆಸೆ ಇತ್ತು. ತಂಗಿಯ ಆಸೆಯೂ ನನ್ನ ಆಸೆಯೂ ಒಂದೇ ಹಸೆಮಣೆಯ ಮೇಲೆ ಬಂದು ಕೂತವು. ಒಂದು ಏಳಬೇಕಿತ್ತು. ನನ್ನದು ಏಳಲಿಲ್ಲ.

ಮಾಘ ಮಾಸದಲ್ಲಿ ಮಳವಳ್ಳಿಯ ಛತ್ರದಲ್ಲಿ ಮದುವೆ. ನಾನೂ ಜಯಮ್ಮನೂ ಕೂತೆವು. ಜಯಮ್ಮ ತಲೆ ಎತ್ತಲಿಲ್ಲ. ನಾನು ಹಾಲು ಎರೆದೆ, ಓಲಗದವರು ಗಟ್ಟಿಮೇಳ ಬಾರಿಸಿದರು. ಆಮೇಲೆ ಸಾಲು ಶುರುವಾಯಿತು. ನೆಂಟರು ಎರೆದರು, ನೆಂಟರ ನೆಂಟರು ಎರೆದರು, ಗಂಡಿನ ಕಡೆಯ ವ್ಯಾನಿನ ಡ್ರೈವರು ಎರೆದ. ಯಾವ ಮದುವೆ ಅಂತ ಗೊತ್ತಿಲ್ಲದೆ ಊಟಕ್ಕೆ ಬಂದಿದ್ದ ಇಬ್ಬರೂ ಎರೆದರು. ಮಹಬೂಬ ಇಸ್ತ್ರಿ ಅಂಗಿ ಹಾಕಿಕೊಂಡು ದೂರ ನಿಂತಿದ್ದ. “ಬಾರ್ಲಾ, ನೀನೂ ಉಯ್ಯಿ” ಅಂತ ನಾನೇ ಕೂಗಿದೆ. ಅವನು ಬಂದು, ಕೈ ಒರೆಸಿಕೊಂಡು, ಹೆಣ್ಣು ಗಂಡಿನ ಕೈ ಮೇಲೆ ಮೆಲ್ಲಗೆ ಎರೆದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

“ಅಣ್ಣಾ, ನಾನೂ ಎರುದೆ. ಸಾಕಮ್ಮಕ್ಕ ಎಲ್ಲಿ?”

ರಮ್ಯಳಿಗೆ ಕೇಳಿಸಿತು. ಅವಳು ಅಲ್ಲಿಯವರೆಗೂ ನನ್ನ ಹೆಗಲಾಚೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಮೊಣಕೈವರೆಗೆ ಹಾಲು ಇಳಿಯುತ್ತಿತ್ತು. “ಮಾವ, ಅವ್ವ ಬರಲ್ವಾ?” ಅಂದಳು.

ಆಗಲೂ ಹೊತ್ತು ಮೀರಿರಲಿಲ್ಲ. ಎದ್ದು ಇಪ್ಪತ್ತು ಹೆಜ್ಜೆ ನಡೆಯಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಎದೆಯಿಂದ ದನಿ ತೆಗೆದು, ರುದ್ರೇಶನ ಹಾಗೆ, “ಬರ್ತಾರೆ ಅಮ್ಮಣ್ಣೀ, ಈ ರುದ್ರೇಶ ಇರೋವಾಗ ಚಿಂತೆ ಯಾಕೆ?” ಅಂದೆ. ಸುತ್ತ ನಿಂತವರೆಲ್ಲ ಗೊಳ್ಳೆಂದರು. ಧಾರೆ ಮುಗಿಯಿತು.

ಛತ್ರದ ಹಿಂದೆ ನಲ್ಲಿಯ ಹತ್ತಿರ ಸಾಕಮ್ಮ ಕೂತಿದ್ದಳು. ಧಾರೆಯ ಹಾಲು ತಂದಿದ್ದ ತಪ್ಪಲೆ ತೊಳೆದು ಬೋರಲು ಹಾಕಿದ್ದಳು. ನಾನು ಹೋಗಿ ನಿಂತೆ. ಅವಳು ತಲೆ ಎತ್ತದೆ ಮಾತಾಡಿದಳು.

“ರುದ್ರೇಶಪ್ಪಂಗೆ ಏಳ್ಬುಡು, ಇನ್ನ ಫೋನ್ ಮಾಡೋದು ಬ್ಯಾಡ ಅಂತ.”

“ನಿಂಗೆ ಯಾವಾಗಿಂದ ಗೊತ್ತು?”

“ಮೊದಲ್ನೇ ದಿನದಿಂದ. ಯಾವ ಶೂಟಿಂಗ್ನಾಗೆ ಗಾಣದ ಇಂಜಿನ್ನು ಬಡ್ಕತದೆ? ಆ ರುದ್ರೇಶ ಒಂದು ದಿನಾನೂ ಕೆಮ್ಮಿದ್ದ ಕಾಣೆ. ನೀನು ಮೂರು ಮಾತಿಗೊಂದ್ ಕೆಮ್ತಿದ್ದೆ.”

“ಗೊತ್ತಿದ್ದೂ ಯಾಕವ್ವ ಸುಮ್ಕಿದ್ದೆ?”

“ನಿನ್ ತಾವ ಕೇಳಿದ್ರೆ ನಗಾಡ್ತಿದ್ದೆ ಕಣಣ್ಣ. ಅವನು ನಗಾಡ್ದೆ ಕೇಳ್ದ” ಅಂದಳು. ಅಂದು, ನಕ್ಕಳು. ಚಿಕ್ಕಂದಿನಲ್ಲಿ ನಾನು ಅಪ್ಪನ ದನಿಯಲ್ಲಿ ಕೂಗಿ ಅವಳನ್ನು ಹೆದರಿಸಿದಾಗ ನಗುತ್ತಿದ್ದಳಲ್ಲ, ಹಾಗೆ. ಆ ನಗು ಕೇಳಿ ನನ್ನ ಎದೆ ಹಗುರಾಯಿತು. ಊಟಕ್ಕೆ ಹೋದೆ.

ಮಾರನೇ ವರ್ಷ ಆಲೆಮನೆ ಮುಚ್ಚಿದೆ. ಧಾರಾವಾಹಿಯೂ ಮುಗಿಯಿತು. ಜನ ರುದ್ರೇಶನನ್ನು ಮರೆತರು, ಬೇರೆ ಮೀಸೆ ಬಂತು. ನಾನು ಈಗಲೂ ಅವನ ಬಗ್ಗೆ ಯೋಚಿಸುತ್ತೇನೆ. ಪ್ರೀತಿಸಿದ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳಿದಳು, ಅವನು ಹೋಗಿ ಹೊಸ್ತಿಲ ಮೇಲೆ ಕೂತ. ನನ್ನ ಕಿವಿಯಲ್ಲಿ ಒಡಹುಟ್ಟಿದವಳು ಒಂದು ಸುಗ್ಗಿ ಪೂರ್ತಿ ಮಾತಾಡಿದಳು. ನಾನು ಬದಲಾಯಿಸಿದ್ದು ದನಿಯನ್ನು ಮಾತ್ರ.

ಹೋದ ತಿಂಗಳು ಬಂಡೂರಿಗೆ ಹೋದೆನಲ್ಲ, ಸಾಕಮ್ಮ ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ಕೈ ಕಾಲಿಗೆ ನೀರು ಕೊಟ್ಟಳು, ಉಣ್ಣಲು ಇಕ್ಕಿದಳು. ಮಳೆ ಹೇಗೆ, ಮೊಮ್ಮಗಳು ಹೇಗೆ ಅಂತ ಮಾತಾಡಿದಳು. ಎಷ್ಟೋ ವರ್ಷದಿಂದ ನಮ್ಮ ನಡುವೆ ಇಷ್ಟೇ ಮಾತು. ರಮ್ಯ ರಜೆಗೆ ಬಂದಿದ್ದಳು. ಸಂಜೆ ಟೀವಿ ಹಾಕಿದರು, ಯಾವುದೋ ಹೊಸ ಹೀರೋ ಯಾರ ಮೇಲೋ ಕೂಗಾಡುತ್ತಿದ್ದ. ತಪ್ಪಾಯ್ತು ಅನ್ನಬೇಕು ಅಂತಲೇ ಬಂದಿದ್ದೆ. ಬಾಯಿ ತೆರೆದೆ. ನನ್ನ ದನಿಯಲ್ಲಿ ಅದು ಹೊರಡಲಿಲ್ಲ. ಎಪ್ಪತ್ತು ವರ್ಷ ಕೀಟಲೆ ಆಡಿದ ಗಂಟಲು, ಅದಕ್ಕೆ ಆ ಮಾತಿನ ದಾರಿಯೇ ಗೊತ್ತಿಲ್ಲ. ಕೊನೆಗೆ ಎದೆಯಿಂದ, ಮೆಲ್ಲಗೆ, “ಅಮ್ಮಾ, ನಾನು ರುದ್ರೇಶ…” ಅಂದೆ.

ಸಾಕಮ್ಮ ರಿಮೋಟು ತೆಗೆದುಕೊಂಡು ಟೀವಿಯ ಸದ್ದು ಜೋರು ಮಾಡಿದಳು.

ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ರಮ್ಯಳಿಗೆ ಕಳಿಸುತ್ತೇನೆ, ಅವಳು ಅವ್ವನಿಗೆ ಓದಿ ಹೇಳುತ್ತಾಳೆ. ಕಂಡಕ್ಟರು, ಬಳೆ, ಪೇಟ, ಸತ್ತವರು ಎದ್ದು ಬರುವ ಮಾತು, ಎಲ್ಲಕ್ಕೂ ಸಾಕಮ್ಮ ಸೊಪ್ಪು ಸೋಸುತ್ತಾ ಊಂ ಅನ್ನುತ್ತಾಳೆ. ಒಂದು ಕಡೆ ಮಾತ್ರ ಅವಳ ಕೈ ನಿಲ್ಲುತ್ತದೆ. ಅವಳು ‘ಅದು ಸುಳ್ಳು’ ಅನ್ನುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ನಲ್ಲಿಯ ಹತ್ತಿರ ಅವಳು ನಕ್ಕಳು ಅಂದೆನಲ್ಲ, ನಗಲಿಲ್ಲ. ತೊಳೆದು ಬೋರಲು ಹಾಕಿದ್ದ ತಪ್ಪಲೆಯನ್ನೇ ಎತ್ತಿಕೊಂಡು, ನಲ್ಲಿ ತಿರುಗಿಸಿ, ಮತ್ತೆ ತೊಳೆಯತೊಡಗಿದಳು.